1000 ವ್ಯಾಟ್, 100 ಕಿಲೋಮೀಟರ್ ಅನ್ನುವ ಫ್ಯಾಟ್ ಟೈರ್ ಎಲೆಕ್ಟ್ರಿಕ್ ಸೈಕಲ್ ಚಿಕ್ಕಮಗಳೂರಿಗೆ ಸರಿಹೋಗುತ್ತಾ?

ಮನೆ ಚಿಕ್ಕಮಗಳೂರು ಪೇಟೆಯಲ್ಲಿ, ದಿನಾ ತೋಟಕ್ಕೆ ಹೋಗಿಬರಬೇಕು, ರಜೆಯಲ್ಲಿ ಮುಳ್ಳಯ್ಯನಗಿರಿ ಹತ್ತಬೇಕು ಅಂತ ಬರೆದಿದ್ದೀರಿ. ಅಂಗಡಿಯವರು ತೋರಿಸಿದ್ದು 1000 ವ್ಯಾಟ್ ಮೋಟಾರು, 48 ವೋಲ್ಟ್ 15 ಆಂಪ್-ಅವರ್ ಬ್ಯಾಟರಿ. ಜೊತೆಗೆ ‘ಲೈಸೆನ್ಸ್ ಬೇಡ, 100 ಕಿಲೋಮೀಟರ್ ಗ್ಯಾರಂಟಿ’ ಅಂತ ಮಾತು. ಎರಡೂ ಮಾತು ನಿಲ್ಲುವುದಿಲ್ಲ.

ಲೈಸೆನ್ಸ್ ವಿಚಾರ ಬೇಗ ಮುಗಿಸುತ್ತೇನೆ. ನಮ್ಮಲ್ಲಿ ನೋಂದಣಿ, ಲೈಸೆನ್ಸ್ ಬೇಡ ಅನ್ನುವ ವಿನಾಯಿತಿ ಇರುವುದು ಮೋಟಾರಿನ ಶಕ್ತಿ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ದರೆ ಮಾತ್ರ. 1000 ವ್ಯಾಟ್ ಅಂದರೆ ಕಾನೂನಿನ ಕಣ್ಣಿಗೆ ಅದು ಸ್ಕೂಟರ್ ಇದ್ದ ಹಾಗೆ. ತೋಟದ ಬೇಲಿಯೊಳಗೆ ಏನಾದರೂ ಓಡಿಸಿ, ರಸ್ತೆಗೆ ಇಳಿಸಿ ಯಾರಿಗಾದರೂ ತಾಗಿಸಿದರೆ ಇನ್ಶೂರೆನ್ಸ್ ಇಲ್ಲದೆ ಒದ್ದಾಡಬೇಕಾಗುತ್ತದೆ.

ಈಗ ರೇಂಜ್, ಅಂದರೆ ಒಂದು ಚಾರ್ಜಿಗೆ ಎಷ್ಟು ದೂರ. ಕಿಲೋಮೀಟರ್ ಲೆಕ್ಕ ಬಿಡಿ, ವ್ಯಾಟ್-ಅವರ್ (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ) ಕೇಳಿ. 48ನ್ನು 15ರಿಂದ ಗುಣಿಸಿದರೆ 720. ನಿಮ್ಮ ಟ್ಯಾಂಕಿನಲ್ಲಿ ಇರುವುದು ಅಷ್ಟೇ. ನಾಲ್ಕು ಇಂಚಿನ ಟೈರು, ತುಳಿಯದೆ ಬರೀ ಥ್ರಾಟಲ್ ಅಂದರೆ ಸಮತಟ್ಟು ರಸ್ತೆಯಲ್ಲೇ ಕಿಲೋಮೀಟರಿಗೆ 15ರಿಂದ 20 ವ್ಯಾಟ್-ಅವರ್ ಹೋಗುತ್ತದೆ. ಅಲ್ಲಿಗೆ 40 ಕಿಲೋಮೀಟರ್ ಆಸುಪಾಸು. ಚೆನ್ನಾಗಿ ತುಳಿದರೆ 60–70. ನೂರು ಬರುವುದು ಕಡಿಮೆ ಅಸಿಸ್ಟ್‌ನಲ್ಲಿ (ತುಳಿಯುವಾಗ ಮೋಟಾರಿನ ನೆರವು ಕಮ್ಮಿ ಇಟ್ಟಾಗ), ಬಯಲುಸೀಮೆಯ ರಸ್ತೆಯಲ್ಲಿ, ಹಗುರ ಆಳು ಕೂತಾಗ.

ಬೆಟ್ಟದ ಲೆಕ್ಕ ಇನ್ನೂ ಕಟು. ಪೇಟೆ ಇರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ, ಮುಳ್ಳಯ್ಯನಗಿರಿ ತುದಿ ಸುಮಾರು 1,930ರಲ್ಲಿ. ನೀವು, ಸೈಕಲ್, ಬ್ಯಾಗು ಸೇರಿ 120 ಕೆಜಿ ಅಂದುಕೊಳ್ಳಿ. ಆ ಭಾರವನ್ನು 840 ಮೀಟರ್ ಮೇಲೆತ್ತಲಿಕ್ಕೇ 275 ವ್ಯಾಟ್-ಅವರ್ ಬೇಕು. ಸುಮಾರು 20 ಕಿಲೋಮೀಟರ್ ದಾರಿ ಉರುಳುವ ಖರ್ಚು, ಮೋಟಾರು ಬಿಸಿಯಾಗಿ ಕಳೆಯುವುದು ಸೇರಿಸಿದರೆ, ತುಳಿಯದೆ ಕೂತವರಿಗೆ ಹತ್ತಿರ ಹತ್ತಿರ 500. ಇಳಿಯುವಾಗ ವಾಪಸ್ ಚಾರ್ಜ್ ಆಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಿಂದಿನ ಚಕ್ರದೊಳಗೆ ಕೂತ, ಗೇರ್ ಇರುವ ಹಬ್ ಮೋಟಾರಿನಲ್ಲಿ ಆ ಸೌಲಭ್ಯವೇ ಇರುವುದಿಲ್ಲ.

ಹಾಗಾಗಿ ಘಾಟಿಗೆ ಬೇಕಾದ್ದು ವ್ಯಾಟ್ ಅಲ್ಲ, ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ. ಹಬ್ ಮೋಟಾರು ಕಡಿದಾದ ಏರಿನಲ್ಲಿ ಆಮೆ ವೇಗಕ್ಕೆ ಇಳಿದರೆ ಕರೆಂಟು ಎಳೆಯುತ್ತದೆ, ಕೆಲಸ ಕಮ್ಮಿ, ಬಿಸಿ ಜಾಸ್ತಿ. ಪೆಡಲ್ ಹತ್ತಿರ ಇರುವ ಮಿಡ್-ಡ್ರೈವ್ ಮೋಟಾರಿಗೆ ಸೈಕಲ್ಲಿನ ಗೇರುಗಳೇ ನೆರವು. ಸಣ್ಣ ಗೇರಿಗೆ ಹಾಕಿ ನಿಧಾನ ತುಳಿದರೆ 250 ವ್ಯಾಟಿನದೂ ಹತ್ತುತ್ತದೆ. ಬೆಲೆ ಜಾಸ್ತಿ, ಚೈನು ಬೇಗ ಸವೆಯುತ್ತದೆ, ಆದರೂ ನನ್ನ ಓಟು ಅದಕ್ಕೇ. ಜೊತೆಗೆ ಟಾರ್ಕ್ ಸೆನ್ಸರ್ ಇದ್ದರೆ ಕಾಲು ಒತ್ತಿದಷ್ಟೇ ಮೋಟಾರು ಕೊಡುತ್ತದೆ. ಒದ್ದೆ ಮಣ್ಣಿನಲ್ಲಿ ಚಕ್ರ ಸುಮ್ನೆ ತಿರುಗುವುದು ಕಮ್ಮಿ.

ಬ್ರೇಕ್ ಹೈಡ್ರಾಲಿಕ್ ಡಿಸ್ಕೇ ಆಗಿರಲಿ. ಬರೀ ಸೈಕಲ್ಲೇ 30 ಕೆಜಿ ದಾಟುತ್ತದೆ, ಇಳಿಜಾರಿನಲ್ಲಿ ಕೇಬಲ್ ಬ್ರೇಕ್ ಹಿಡಿದು ಹಿಡಿದು ಬೆರಳು ನೋಯುತ್ತವೆ.

ಫ್ಯಾಟ್ ಟೈರ್ ನಿಜಕ್ಕೂ ಬೇಕಾ? ಮರಳಿಗೆ, ಮಳೆಗಾಲದ ತೋಟದ ಕೆಸರಿಗೆ ಹೌದು. 8–10 ಪಿಎಸ್‌ಐಗೆ ಗಾಳಿ ಇಳಿಸಿದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಅದೇ ಗಾಳಿಯಲ್ಲಿ ಟಾರು ರಸ್ತೆಗೆ ಬಂದರೆ ಗುಂಯ್ ಅನ್ನುತ್ತಾ ಬ್ಯಾಟರಿ ಕುಡಿಯುತ್ತದೆ, ಹ್ಯಾಂಡಲ್ ತಾನೇ ಒಂದು ಕಡೆ ಎಳೆಯುತ್ತದೆ. ಹೆಚ್ಚು ಓಡಾಟ ಟಾರಿನಲ್ಲೇ ಅಂದರೆ 2.4 ಇಂಚಿನ ಟೈರು ಸಾಕು. ನಿಮ್ಮ ಜಾಗದಲ್ಲಿ ನಾನಿದ್ದರೆ ಅದನ್ನೇ ತಗೊಂಡು, ಉಳಿದ ದುಡ್ಡನ್ನು ಎರಡನೇ ಬ್ಯಾಟರಿಗೆ ಹಾಕುತ್ತಿದ್ದೆ.

ಮಲೆನಾಡಿನ ಮಳೆ ಮರೆಯಬೇಡಿ. ಕೆಸರು ತೊಳೆಯಲು ವಾಟರ್ ಸರ್ವೀಸ್ ಪೈಪಿನ ಪ್ರೆಶರ್ ಬಿಡಬೇಡಿ, ಕನೆಕ್ಟರ್ ಒಳಗೆ ನೀರು ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಇಷ್ಟಾದ ಮೇಲೂ ಹಬ್ ಮೋಟಾರಿನ ಫ್ಯಾಟ್ ಟೈರೇ ಬೇಕು ಅಂದರೆ, ಅಂಗಡಿಯಲ್ಲೇ ಹಿಂದಿನ ಚಕ್ರ ಬಿಚ್ಚಿ ಹಾಕಿ ತೋರಿಸಲು ಹೇಳಿ. ಪಂಕ್ಚರ್ ಆದಾಗ ಮೋಟಾರಿನ ವೈರ್ ಕಳಚಿ, ದಪ್ಪ ಆಕ್ಸಲ್ ನಟ್ ಬಿಚ್ಚಬೇಕು. ಊರಿನ ಪಂಕ್ಚರ್ ಅಂಗಡಿಯವರು ಎಷ್ಟೋ ಸಲ ಕೈ ಹಾಕುವುದಿಲ್ಲ. 26×4 ಟ್ಯೂಬ್ (26 ಇಂಚಿನ ಚಕ್ರ, 4 ಇಂಚಿನ ಟೈರಿನದು) ಈಗಲೇ ಇದೆಯಾ ಅಂತಲೂ ಕೇಳಿ. ‘ತರಿಸಿಕೊಡ್ತೀವಿ ಸಾರ್’ ಅಂದರೆ, ಎರಡು ಟ್ಯೂಬ್ ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ.