'ಸೆಟ್ ಆಫ್' ಆದ ಮೇಲೆ 'ಟು' ಬರುತ್ತದಾ, 'ಫಾರ್' ಬರುತ್ತದಾ?

ಪ್ರಶ್ನೆ: ಆಫೀಸಿನ ಮೇಲ್ ಒಂದರಲ್ಲಿ 'ವಿ ಸೆಟ್ಟೆಡ್ ಆಫ್ ಅವರ್ ಜರ್ನಿ ಟು ಲಂಡನ್' ಅಂತ ಬರೆದಿದ್ದೆ. ತಪ್ಪು ಅಂದರು, ಯಾಕೆ ಅಂತ ಹೇಳಲಿಲ್ಲ. 'ಸೆಟ್ ಔಟ್' ಬಳಸಬೇಕಿತ್ತಾ?

ಉತ್ತರ: 'ಸೆಟ್ ಔಟ್' ಹಾಕಿದ್ದರೂ ಈ ವಾಕ್ಯ ಸರಿಹೋಗುತ್ತಿರಲಿಲ್ಲ. ತೊಂದರೆ ಇರುವುದು ಬೇರೆ ಕಡೆ.

ಮೊದಲು ಸುಲಭದ್ದು. 'ಸೆಟ್ಟೆಡ್' ಅನ್ನುವ ರೂಪವೇ ಇಲ್ಲ. ಭೂತಕಾಲದಲ್ಲೂ ಸೆಟ್, 'ಹ್ಯಾವ್' ಜೊತೆಗೂ ಸೆಟ್.

ದೊಡ್ಡ ತಪ್ಪು 'ಅವರ್ ಜರ್ನಿ'. ಹೊರಡುವ ಅರ್ಥದಲ್ಲಿ 'ಸೆಟ್ ಆಫ್'ಗೆ ಕರ್ಮಪದ ಬೇಡ. ಕನ್ನಡದಲ್ಲೂ 'ಪ್ರಯಾಣವನ್ನು ಹೊರಟೆವು' ಅನ್ನುವುದಿಲ್ಲ ಅಲ್ವಾ? ಕರ್ಮಪದ ಸೇರಿಸಿದರೆ ಅರ್ಥವೇ ಬದಲಾಗುತ್ತದೆ: 'ಸೆಟ್ ಆಫ್ ದಿ ಅಲಾರ್ಮ್' ಅಂದರೆ ಅಲಾರ್ಮ್ ಹೊಡೆದುಕೊಳ್ಳುವ ಹಾಗೆ ಮಾಡುವುದು, 'ಸೆಟ್ ಆಫ್ ಫೈರ್‌ವರ್ಕ್ಸ್' ಅಂದರೆ ಪಟಾಕಿ ಹೊಡೆಯುವುದು. 'ಜರ್ನಿ' ಬೇಕೇ ಬೇಕು ಅನಿಸಿದರೆ ನಡುವೆ 'ಆನ್' ಹಾಕಿ, 'ವಿ ಸೆಟ್ ಆಫ್ ಆನ್ ಅವರ್ ಜರ್ನಿ' ಅಂತ ಬರೆಯಿರಿ. ಸುಮ್ನೆ ಬಿಟ್ಟುಬಿಟ್ಟರೆ ಇನ್ನೂ ಚೆನ್ನಾಗಿರುತ್ತದೆ.

ಊರಿನ ಹೆಸರಿನ ಹಿಂದೆ 'ಫಾರ್' ಬರಲಿ: 'ವಿ ಸೆಟ್ ಆಫ್ ಫಾರ್ ಲಂಡನ್ ಅಟ್ ಸಿಕ್ಸ್'. 'ಲಂಡನ್‌ಗೆ' ಅನ್ನುವಾಗಿನ 'ಗೆ' ತಲೆಯಲ್ಲಿ ಕೂತಿರುತ್ತದೆ, ಅದಕ್ಕೇ ಕೈ ತಾನಾಗಿ 'ಟು' ಬರೆದುಬಿಡುತ್ತದೆ. ಎಲ್ಲಿಂದ ಅನ್ನುವುದಕ್ಕೆ 'ಫ್ರಮ್'.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು, ಯಾಕೆಂದರೆ ಕನ್ನಡದವರು ಜಾಸ್ತಿ ಎಡವುವುದು ಇಲ್ಲೇ. ನಾವು ಮನೆಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಲೇ ಫೋನಿನಲ್ಲಿ 'ಹೊರಟೆ' ಅನ್ನುತ್ತೇವೆ, ಕೇಳುವವರಿಗೂ ಅದು ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿ 'ಐ ಹ್ಯಾವ್ ಸೆಟ್ ಆಫ್' ಅಂದರೆ ನೀವು ಆಗಲೇ ದಾರಿಯಲ್ಲಿದ್ದೀರಿ. ಇನ್ನೂ ಮನೆಯಲ್ಲಿದ್ದರೆ 'ಐ ಆಮ್ ಅಬೌಟ್ ಟು ಸೆಟ್ ಆಫ್' ಅನ್ನಿ. ಇನ್ನೊಂದು, ಈ ಪದ ಹೇಳುವುದು ಹೊರಟ ಕ್ಷಣವನ್ನು ಮಾತ್ರ, ಇಡೀ ಪ್ರಯಾಣವನ್ನಲ್ಲ. ಹೊರಟು 2 ಗಂಟೆ ಆಯಿತು ಅನ್ನಲು 'ವಿ ಹ್ಯಾವ್ ಸೆಟ್ ಆಫ್ ಸಿನ್ಸ್ ಟೂ ಅವರ್ಸ್' ಅನ್ನಬೇಡಿ, 'ವಿ ಸೆಟ್ ಆಫ್ ಟೂ ಅವರ್ಸ್ ಅಗೋ' ಅಂದರೆ ಸರಿ.

ಇನ್ನು 'ಸೆಟ್ ಔಟ್'. ಹೊರಡುವ ಅರ್ಥದಲ್ಲಿ ಎರಡೂ ನಡೆಯುತ್ತವೆ. ದೂರದ, ಒಂದು ಗುರಿ ಇಟ್ಟುಕೊಂಡ ಪ್ರಯಾಣಕ್ಕೆ 'ಸೆಟ್ ಔಟ್' ನನ್ನ ಕಿವಿಗೆ ಹೆಚ್ಚು ಹಿತ. ಆದರೆ ಅದಕ್ಕೆ ಬೇರೆ ಕೆಲಸವೂ ಇದೆ. 'ಶಿ ಸೆಟ್ ಔಟ್ ಟು ರೈಟ್ ಎ ನಾವೆಲ್' ಅನ್ನುವಲ್ಲಿ ಪ್ರಯಾಣವೇ ಇಲ್ಲ, ಕಾದಂಬರಿ ಬರೆಯಬೇಕು ಅಂತ ಮನಸ್ಸು ಮಾಡಿ ಶುರು ಮಾಡಿದಳು ಅಂತ ಅರ್ಥ. ಈ ಜಾಗದಲ್ಲಿ 'ಸೆಟ್ ಆಫ್' ಹಾಕಬೇಡಿ.