ಬೋನ್ ಗ್ರಾಫ್ಟ್ ಆದ ಮೇಲೆ ಬಾಯಿಗೆ ಕಾಳು ಸಿಗುತ್ತಿದ್ದರೆ

ದವಡೆಗೆ ಬೋನ್ ಗ್ರಾಫ್ಟ್ (ಮೂಳೆ ಕಮ್ಮಿಯಾದ ಕಡೆ ಮೂಳೆಯಂಥ ಪುಡಿ ತುಂಬಿ ಹೊಲಿಗೆ ಹಾಕುವುದು) ಮಾಡಿಸಿಕೊಂಡ ನಾಲ್ಕನೇ ದಿನ ಬಾಯಿಗೆ ಮರಳಿನಂಥ ಕಾಳು ಸಿಗುತ್ತಿದೆ, ಏನು ಮಾಡಲಿ ಅಂತ ಕೇಳಿದ್ದಿರಲ್ಲ, ಅದು ಹೆಚ್ಚಾಗಿ ಗ್ರಾಫ್ಟ್‌ನ ಮೇಲ್ಪದರದ ಪುಡಿ. ಮೊದಮೊದಲು ಒಂದೆರಡು ಉದುರುವುದು ಮಾಮೂಲಿ, ನನಗೂ ಉದುರಿತ್ತು.

ಮೊದಲು ನಾಲಿಗೆಯಿಂದ ಅಲ್ಲಿ ತಡಕುವುದನ್ನು ನಿಲ್ಲಿಸಿ (ಇದೇ ಕಷ್ಟ, ಸುಮ್ನೆ ಅಲ್ಲಿಗೇ ಹೋಗುತ್ತೆ!). ಜೋರಾಗಿ ಮುಕ್ಕಳಿಸಿ ಉಗಿಯಬೇಡಿ. ಉಗುರುಬೆಚ್ಚಗಿನ ಉಪ್ಪುನೀರು ಬಾಯಲ್ಲಿ ಹಿಡಿದು, ತಲೆ ವಾಲಿಸಿ, ತಾನಾಗೇ ಸಿಂಕಿಗೆ ಬೀಳಲು ಬಿಡಿ. ಎಳನೀರಿಗೆ ಸ್ಟ್ರಾ ಬೇಡ, ಲೋಟಕ್ಕೆ ಸುರಿಸಿಕೊಳ್ಳಿ. ದರ್ಶಿನಿಯ ಸುಡುಸುಡು ಕಾಫಿ, ಸಿಗರೇಟು ಸದ್ಯಕ್ಕೆ ಬಂದ್. ಮೊಸರನ್ನ, ಆರಿದ ರಾಗಿ ಗಂಜಿ ಸಾಕು, ಅದೂ ಇನ್ನೊಂದು ಪಕ್ಕದಲ್ಲಿ.

ಹೊಲಿಗೆ ಸಡಿಲಾಗಿದೆಯಾ ಅನ್ನೋದು ನೋಡದೆ ಹೇಳಲಾಗದು. ಕಾಳು ಜಾಸ್ತಿ ಉದುರಿದರೆ, ಕೀವು, ಜ್ವರ, ನಿಲ್ಲದ ರಕ್ತ ಕಂಡರೆ, ಊತ ಇಳಿಯುವ ಬದಲು ಏರುತ್ತಿದ್ದರೆ, ಹೊಲಿಗೆ ಬಿಚ್ಚುವ ದಿನದವರೆಗೆ ಕಾಯದೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ.