ಓದುಗರ ಪ್ರಶ್ನೆ: ಕಾಂಕ್ರೀಟ್ ಯಾಕೆ ಕಾಪಾಡಲಿಲ್ಲ?

ಪ್ರಶ್ನೆ: 1991ರ ಕೊಲ್ಲಿ ಯುದ್ಧದಲ್ಲಿ ಬಾಗ್ದಾದಿನ ಅಮೀರಿಯಾ ಆಶ್ರಯತಾಣದಲ್ಲಿ ನೂರಾರು ಜನ ಸತ್ತರು. ಅಷ್ಟು ದಪ್ಪ ಚಾವಣಿ ಇದ್ದೂ ಹೀಗೇಕಾಯಿತು?

ಉತ್ತರ: ಚಾವಣಿ ದುರ್ಬಲವಾಗಿರಲಿಲ್ಲ. ಆದರೆ ಫೆಬ್ರುವರಿ 13ರ ನಸುಕಿನಲ್ಲಿ ಅಮೆರಿಕದ ಎಫ್-117 ವಿಮಾನ ಹಾಕಿದ್ದು ಮಾಮೂಲಿ ಬಾಂಬ್ ಅಲ್ಲ. ಲೇಸರ್ ಮಾರ್ಗದರ್ಶನದ, ಸುಮಾರು 900 ಕೆ.ಜಿ. ತೂಕದ ಎರಡು ಬಾಂಬ್‌ಗಳವು. ಅವುಗಳ ಹೊರಕವಚವೇ ಒಂದಂಗುಲ ದಪ್ಪದ ಗಟ್ಟಿ ಉಕ್ಕು. ಒಳಗಿನ ಸ್ಫೋಟಕ ಸುಮಾರು 240 ಕೆ.ಜಿ. ಮಾತ್ರ. ಅಂದರೆ ತೂಕದ ಬಹುಪಾಲು ಇರುವುದು ಕೊರೆಯುವುದಕ್ಕೆ. ಫ್ಯೂಸ್, ಅಂದರೆ ಬಾಂಬನ್ನು ಸಿಡಿಸುವ ಸಾಧನ, ಬಾಲದ ಕಡೆ ಇರುತ್ತದೆ. ಬಡಿದ ಕೂಡಲೇ ಸಿಡಿಯದೆ ಕ್ಷಣಾಂಶ ತಡೆದು, ಕಾಂಕ್ರೀಟ್ ದಾಟಿದ ಮೇಲೆ ಸಿಡಿಸುತ್ತದೆ. ಹೊರಗೆ ಬಿದ್ದ ಬಾಂಬಿನ ಆಘಾತವನ್ನು ತಡೆಯುವ ಗೋಡೆಗಳೇ ಆಗ ಒಳಗಿನ ಒತ್ತಡ, ಬೆಂಕಿ, ಹೊಗೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಕುಲುಮೆಯ ಬಾಯಿ ಮುಚ್ಚಿದ ಹಾಗೆ! ಉಕ್ಕಿನ ಬಾಗಿಲುಗಳೂ ಮುಚ್ಚಿದ್ದವು.

ಸತ್ತವರು 400ಕ್ಕೂ ಹೆಚ್ಚು, ಬಹುತೇಕ ಮಹಿಳೆಯರು ಮತ್ತು ಮಕ್ಕಳು.

ಅದು ಸೇನೆಯ ಆಜ್ಞಾಕೇಂದ್ರ ಎಂದು ಅಮೆರಿಕ ವಾದಿಸಿತು, ಇರಾಕ್ ಒಪ್ಪಲಿಲ್ಲ. ಇರಾನ್ ಜೊತೆಗಿನ ಇರಾಕಿನ ಯುದ್ಧಕಾಲದಲ್ಲಿ ಅದನ್ನು ನಾಗರಿಕರ ರಕ್ಷಣೆಗೆ ಕಟ್ಟಿದ್ದು ಅಮೆರಿಕಕ್ಕೆ ತಿಳಿದಿತ್ತು. ಬಳಕೆ ಬದಲಾಗಿದೆ ಎಂದು ನಂಬಿದ್ದೇ ನಿಜವಾದರೂ, ದಾಳಿಗೆ ಮುಂಚೆ ಎಚ್ಚರಿಕೆ ಕೊಡಲಿಲ್ಲ. ನನ್ನ ದೃಷ್ಟಿಯಲ್ಲಿ ದೊಡ್ಡ ಲೋಪ ಅದೇ. ರಾತ್ರಿ ಒಳಗೆ ಮಲಗುತ್ತಿದ್ದವರು ಯಾರು ಎಂಬುದು ಆಕಾಶದಿಂದ ತೆಗೆದ ಚಿತ್ರದಲ್ಲಿ ಕಾಣುವುದಿಲ್ಲವಲ್ಲ. ಆಮೇಲೆ ಬಾಗ್ದಾದ್ ನಗರದೊಳಗಿನ ಗುರಿಗಳ ಮೇಲಿನ ದಾಳಿಯನ್ನು ಅಮೆರಿಕ ಬಹಳ ಕಡಿಮೆ ಮಾಡಿತು.